ನಾಲ್ಕು ಬೆರಳು ಆಚೆ

ನನ್ನ ಬೇಸ್ ಗಿಟಾರಿನ ಪಿಕಪ್ಪನ್ನು ನನ್ನನ್ನು ಕೇಳದೆ ಕಿತ್ತು ಬೇರೆ ಕಡೆ ಕೂರಿಸಿದ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನು ಪ್ರಯತ್ನವನ್ನೂ ಮಾಡಿಲ್ಲ. ‘ಆತು ಬಿಡು, ಅದೇನ್ ದೊಡ್ಡ ಮಾತು’ ಎಂದು ಮನೆಯವರೆಲ್ಲ ಹೇಳುತ್ತಾರೆ. ದೊಡ್ಡ ಮಾತೇ. ಅದಕ್ಕೇ ಬರೆಯುತ್ತಿದ್ದೇನೆ.

ಪಿಕಪ್ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಸಿಮೆಂಟು, ಕಬ್ಬಿಣ, ಮದುವೆಯ ಪಾತ್ರೆ ಹೇರುವ ಗಾಡಿ. ನಾನು ಹೇಳುತ್ತಿರುವುದು ಬೇರೆ. ಗಿಟಾರಿನ ತಂತಿಗಳ ಕೆಳಗೆ, ಮರದಲ್ಲಿ ಕೊರೆದ ಗುಳಿಯೊಳಗೆ, ಬೆಂಕಿಪೆಟ್ಟಿಗೆಗಿಂತ ತುಸು ಉದ್ದನೆಯ ಒಂದು ಕಪ್ಪು ತುಂಡು ಕೂತಿರುತ್ತದೆ. ಅದರೊಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ಮೇಲಿನ ಉಕ್ಕಿನ ತಂತಿ ನಡುಗಿದರೆ ಆ ನಡುಕವನ್ನು ಅದು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಹಿಡಿಯುವುದು ತನ್ನ ನೆತ್ತಿಯ ಮೇಲೆ ನಡೆದ ನಡುಕವನ್ನಷ್ಟೇ. ಅತ್ತ ಇತ್ತ ಏನು ನಡೆಯಿತೋ ಅದಕ್ಕೆ ಬೇಕಿಲ್ಲ.

ಇದು ಅರ್ಥವಾಗದವರು ಬಟ್ಟೆ ಒಣಹಾಕುವ ಹಗ್ಗವನ್ನೊಮ್ಮೆ ಅಲುಗಾಡಿಸಿ ನೋಡಬೇಕು. ನಡುವಿನಲ್ಲಿ ಹಗ್ಗ ಮೊಳದಷ್ಟು ಓಲಾಡುತ್ತದೆ. ಮೊಳೆಗೆ ಕಟ್ಟಿದ ಗಂಟಿನ ಹತ್ತಿರ ಬರೀ ಸಣ್ಣಗೆ ಪಟಪಟ ನಡುಗುತ್ತದೆ. ಹಗ್ಗ ಒಂದೇ, ಅಲುಗಾಡಿಸಿದ ಕೈಯೂ ಒಂದೇ. ಗಿಟಾರಿನ ತಂತಿಗೆ ಕುದುರೆ ಎಂಬುದೊಂದಿದೆ, ತಂತಿಯ ಬುಡ ಕೂರುವ ಲೋಹದ ಆಸರೆ. ಪಿಕಪ್ಪನ್ನು ಕುದುರೆಯ ಪಕ್ಕ ಇಟ್ಟರೆ ದನಿ ಚೂಪಾಗಿ, ತೆಳ್ಳಗೆ, ಕಟಕಟ ಎಂದು ಬರುತ್ತದೆ. ಎಡಗೈ ಆಡುವ ದಂಡಿಯ ಕಡೆಗೆ ಸರಿಸಿದಷ್ಟೂ ತುಂಬಿಕೊಳ್ಳುತ್ತದೆ, ದುಂಡಗಾಗುತ್ತದೆ, ಸ್ವರದ ಬುಡವೇ ಸಿಗುತ್ತದೆ. ಇಷ್ಟು ಹೇಳಿದರೆ ನಮ್ಮ ಅಣ್ಣ, “ನಾಕ್ ಬೆರಳಿಗೆ ಏನ್ ಆಗ್ತದ?” ಎನ್ನುತ್ತಾನೆ. ನಾಲ್ಕು ಬೆರಳು ಬದು ಒತ್ತಿದರೆಂದು ನಮ್ಮ ಹಳ್ಳಿ ಕೊಹಿನೂರಿನಲ್ಲಿ ದೊಡ್ಡಪ್ಪನ ಮಕ್ಕಳು ಕೋರ್ಟು ಹತ್ತಿದಾಗ ಇದೇ ಅಣ್ಣ ಟೇಪು ಹಿಡಿದು ಹೊಲದಲ್ಲಿ ನಿಂತಿದ್ದ. ಆಗ ನಾಲ್ಕು ಬೆರಳಿಗೆ ಬೆಲೆಯಿತ್ತು. ಭೂಮಿಗೆ ಇರುವ ಬೆಲೆ ತಂಗಿಯ ವಾದ್ಯಕ್ಕೆ ಇರಬೇಕೆಂದು ಎಲ್ಲಿ ಬರೆದಿದೆ?

ಬಸವಕಲ್ಯಾಣದಲ್ಲಿ ನಮ್ಮದೊಂದು ವಚನ ಹಾಡುವ ಮೇಳ. ಮೇಳ ಎಂದರೆ ಹೆಚ್ಚುಕಡಿಮೆ ಮನೆಯವರೇ. ಅಣ್ಣ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಹಾಡುತ್ತಾನೆ, ಹಾರ್ಮೋನಿಯಂ ನುಡಿಸುತ್ತಾನೆ, ಯಜಮಾನಿಕೆ ಮಾಡುತ್ತಾನೆ. ಈ ಮೂರರಲ್ಲಿ ಅವನ ರಿಯಾಜು ಹೆಚ್ಚು ಇರುವುದು ಮೂರನೆಯದರಲ್ಲಿ. ತಬಲಾಕ್ಕೆ ಪಕ್ಕದ ಓಣಿಯವರೊಬ್ಬರು ಬರುತ್ತಾರೆ. ಬೇಸ್ ನುಡಿಸುತ್ತಿದ್ದವರು ಮದುವೆಯ ಆರ್ಕೆಸ್ಟ್ರಾ ಸೇರಿಕೊಂಡಾಗ ಅವರ ಹಳೆಯ ಗಿಟಾರನ್ನು ನಾವೇ ಕೊಂಡೆವು. ಅದು ಮೂಲೆಯಲ್ಲಿ ಧೂಳು ತಿನ್ನುವುದನ್ನು ನೋಡಲಾರದೆ ನಾನು ಎತ್ತಿಕೊಂಡೆ. ಗಂಡನ ಪುಸ್ತಕದಂಗಡಿಯಲ್ಲಿ ಕೂರುವ ಹೆಂಗಸು ಸೆರಗು ಸಿಕ್ಕಿಸಿಕೊಂಡು ಅಷ್ಟುದ್ದದ ಗಿಟಾರು ತೊಡೆಯ ಮೇಲಿಟ್ಟು ವಚನಕ್ಕೆ ಕೂತರೆ ಮೊದಮೊದಲು ಜನ ವಚನ ಕೇಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಈಗ ರೂಢಿಯಾಗಿದೆ.

ಮೇಳದ ಬುಡ ಮಾತ್ರ ನಮ್ಮವ್ವ. ನಮಗೆಲ್ಲ ಹಾಡು ಕಲಿಸಿದವಳು ಅವಳೇ, ರೊಟ್ಟಿ ಬಡಿಯುತ್ತ ಬಡಿಯುತ್ತ. ತಪ್ಪಿದರೆ ಹಿಟ್ಟಿನ ಕೈಯಿಂದಲೇ ಬೆನ್ನಿಗೆ ಬೀಳುತ್ತಿತ್ತು. ಅವಳ ಅತ್ತೆಯ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿ ನಡೆದುಬಂದಿದೆ: ಮೊದಲ ಸೊಲ್ಲು ಹಿರಿಯರದು. ಯಾವ ವಚನವಾದರೂ ಅದರ ಮೊದಲ ಸಾಲನ್ನು ಮನೆಯ ಹಿರಿಯ ಜೀವ ಒಬ್ಬರೇ ಎತ್ತಬೇಕು. ತಬಲಾ, ಹಾರ್ಮೋನಿಯಂ ಯಾವುದೂ ಆಗ ಬಾಯಿ ಬಿಡುವಂತಿಲ್ಲ. ಶ್ರುತಿಗೆಂದು ಷಡ್ಜವೊಂದನ್ನು ಹಿಡಿದುಕೊಟ್ಟರೆ ಸಾಕು. ಅದನ್ನು ಕೊಡುವುದು ನನ್ನ ಬೇಸು. ನಾನು ಒಂದು ತಂತಿಯನ್ನು ಷಡ್ಜಕ್ಕೇ ಕೂಡಿಸಿಕೊಂಡಿರುತ್ತೇನೆ, ಬೆರಳಿಡದೆ ಬಿಚ್ಚುತಂತಿಯನ್ನೇ ಮಿಡಿಯುತ್ತೇನೆ. ಅವ್ವ ಎತ್ತುತ್ತಾಳೆ. ಆಮೇಲೆ ಉಳಿದವರೆಲ್ಲ.

ಅವ್ವನಿಗೆ ಎಪ್ಪತ್ತು ದಾಟಿದೆ. ಕಿವಿ ಹೋಗತೊಡಗಿದಾಗ ಮೊದಲು ಹೋದದ್ದು ಸಣ್ಣ ದನಿಗಳು: ಕುಕ್ಕರಿನ ಸೀಟಿ, ಫೋನಿನ ರಿಂಗು, ಮೊಮ್ಮಕ್ಕಳ ಮಾತು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತು ತಿಳಿಯುತ್ತದೆ. ಮಷೀನು ತಂದುಕೊಟ್ಟೆವು. “ಕಿವ್ಯಾಗ ಸೊಳ್ಳಿ ಕುಂತಂಗ ಆಗ್ತದ” ಎಂದು ಅದನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು, ಅಲ್ಲೇ ಇದೆ. ಆದರೆ ದಪ್ಪ ದನಿಗಳು ಅವಳಿಗೆ ಉಳಿದಿದ್ದವು. ಗುಡುಗು ಕೇಳುತ್ತಿತ್ತು, ಹಿಟ್ಟಿನ ಗಿರಣಿ ಕೇಳುತ್ತಿತ್ತು, ನನ್ನ ಷಡ್ಜ ಕೇಳುತ್ತಿತ್ತು. ಹಾಡಲು ಕೂತಾಗ ಸ್ಪೀಕರಿನ ಪೆಟ್ಟಿಗೆಯನ್ನು ಎಡಕ್ಕೆ ಇಟ್ಟುಕೊಂಡು ಅದರ ಮೇಲೆ ಅಂಗೈ ಊರುತ್ತಿದ್ದಳು. ಕಿವಿಗೆ ಬಂದಷ್ಟು ಕಿವಿಗೆ, ಉಳಿದದ್ದು ಅಂಗೈಗೆ. ನಾನು ಮಿಡಿದ ಕೂಡಲೇ ಕಣ್ಣು ಮುಚ್ಚುತ್ತಿದ್ದಳು, ಸ್ವರ ಕೂದಲೆಳೆಯಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ.

ಆಷಾಢದಲ್ಲಿ ಗಿಟಾರಿನ ವೈರು ಎಲ್ಲೋ ಸಡಿಲಾಗಿ ಕರಕರ ಎನ್ನತೊಡಗಿತು. ಅಣ್ಣ ವ್ಯಾಪಾರದ ಕೆಲಸಕ್ಕೆ ಹುಮನಾಬಾದಿಗೆ ಹೋಗುವವನಿದ್ದ, ಅಲ್ಲಿ ವಾದ್ಯ ರಿಪೇರಿ ಮಾಡುವ ಉಸ್ತಾದರೊಬ್ಬರಿದ್ದಾರೆ, ತೋರಿಸಿಕೊಂಡು ಬರುತ್ತೇನೆ ಎಂದ. ಕೊಟ್ಟೆ. ವಾದ್ಯ ವಾಪಸು ಬಂದಾಗ ಚೀಲದ ಜಿಪ್ಪು ಎಳೆದವಳು ಹಾಗೇ ಕೂತೆ. ಪಿಕಪ್ ಇದ್ದ ಜಾಗದಲ್ಲಿ ಬಡಿಗರು ಮರದ ತೂತು ಮುಚ್ಚುವ ಲಂಬಾ ಮೆತ್ತಿ ಕರಿ ಬಣ್ಣ ಬಳಿದಿದ್ದರು, ಮುಚ್ಚಿದ ಬಾವಿಯ ಹಾಗೆ. ಪಿಕಪ್ಪು ನಾಲ್ಕು ಬೆರಳು ಆಚೆ, ಕುದುರೆಗೆ ಮೈ ತಾಗಿಸಿಕೊಂಡು ಕೂತಿತ್ತು.

“ವೈರ್ ಬೆಸೀಲಾಕ ಕೊಟ್ಟಿದ್ದೆ. ಇದನ್ಯಾರು ಮಾಡಾಕ ಹೇಳಿದ್ರು?” ಎಂದೆ.

“ಬಾರ್ಸಿ ನೋಡು, ಆವಾಜ ಎಷ್ಟ್ ಸಾಫ್ ಆಗ್ಯಾದ” ಎಂದ ಅಣ್ಣ. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಬಾರಿಸಿದೆ. ತಗಡಿನ ಡಬ್ಬಿಯ ಮೇಲೆ ಉಗುರಿನಿಂದ ಹೊಡೆದ ಹಾಗಿತ್ತು. ಮೈಯೆಲ್ಲ ಉರಿಯಿತು. ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ಅವನ ಅಂಗಡಿಯ ಗಜಕೋಲನ್ನು ನಾನು ನಾಲ್ಕು ಬೆರಳು ಕತ್ತರಿಸಿ ತಂದು ‘ನೋಡು, ಎಷ್ಟು ಹಗುರಾಗಿದೆ’ ಎಂದರೆ ಸುಮ್ಮನಿರುತ್ತಿದ್ದನೇ? ಆ ಮಾತನ್ನು ಅವನ ಮುಖದ ಮೇಲೆಯೇ ಹೇಳಿದೆ. ಅವನು ನಕ್ಕ. ನಾನು ಸಿಟ್ಟು ಮಾಡಿದಾಗಲೆಲ್ಲ ನಗುವುದು ಅವನಿಗೆ ಚಿಕ್ಕಂದಿನಿಂದ ಬಂದ ಚಟ.

ಶ್ರಾವಣ ಬಂತು. ಸೋಮವಾರಗಳಂದು ಊರೂರಿನ ಮನೆಗಳಿಂದ ನಮಗೆ ಕರೆ ಬರುತ್ತದೆ. ಆ ಸಲ ಮೊದಲು ಹೋದದ್ದು ಮಂಠಾಳಕ್ಕೆ, ಒಕ್ಕಲುತನದವರೊಬ್ಬರ ಮನೆಯ ಪಡಸಾಲೆಗೆ. ಜನ ಕೂತರು, ಊದುಬತ್ತಿ ಹೊತ್ತಿತು. ಅವ್ವ ಸೆರಗು ಹೊದ್ದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ನಾನು ಷಡ್ಜ ಮಿಡಿದೆ.

ಅವಳು ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡಿದಳು. ಇನ್ನೂ ಮಿಡಿದಿಲ್ಲವೇನು ಎಂಬಂತೆ ನೋಡಿದಳು. ಮತ್ತೆ ಮಿಡಿದೆ, ಜೋರಾಗಿ. ಅಂಗೈಯನ್ನು ಪೆಟ್ಟಿಗೆಯ ಮೇಲೆ ಅಲ್ಲಿಂದಿಲ್ಲಿಗೆ ಸರಿಸಿದಳು. ಜನ ಕಾಯುತ್ತಿದ್ದರು. ಕೊನೆಗೆ ಅವಳು ಎತ್ತಿದಳು, ಎಲ್ಲಿಂದಲೋ, ನನ್ನ ಷಡ್ಜಕ್ಕೆ ನೆಂಟಸ್ತನವೇ ಇಲ್ಲದ ಜಾಗದಿಂದ. ತಬಲಾದವರು ತಲೆ ತಗ್ಗಿಸಿದರು. ಅರ್ಧ ಸಾಲು ದಾಟುವುದರೊಳಗೆ ಅಣ್ಣ ಹಾರ್ಮೋನಿಯಂ ಬಿಟ್ಟು ಅವಳ ಮುಂದಿನ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡು ಅದೇ ಸಾಲನ್ನು ಮೊದಲಿನಿಂದ ಹಾಡಿದ. ಹೆಂಗಸರ ಕಡೆಯಿಂದ ಯಾರೋ “ವಯಸ್ಸಾತಲ್ರಿ ಪಾಪ” ಎಂದರು. ಅದು ನನಗೆ ಕೇಳಿಸಿತು, ಅವ್ವನಿಗೆ ಕೇಳಿಸಲಿಲ್ಲ. ಆದರೆ ತನ್ನ ಮುಂದಿನಿಂದ ಮೈಕು ಹೋದದ್ದು ನೋಡಲು ಕಿವಿ ಬೇಕಿಲ್ಲ. ಉಳಿದ ಹೊತ್ತೆಲ್ಲ ಅವಳು ತುಟಿ ಕೂಡಿಸಿ ಚಪ್ಪಾಳೆ ತಟ್ಟುತ್ತ ಕೂತಿದ್ದಳು.

ಮನೆಗೆ ಬರುವಾಗ ಗಾಡಿಯಲ್ಲಿ ನನ್ನ ಮೊಣಕೈ ಹಿಡಿದು, “ಕೆಟ್ಟ ಹಾಡಿದ್ನೇನು?” ಎಂದು ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ನಂಬಲಿಲ್ಲ.

ಮರುದಿನ ಅಣ್ಣನ ಫರ್ಮಾನು ಹೊರಟಿತು: ಇನ್ನು ಮೊದಲ ಸೊಲ್ಲು ತಾನೇ ಎತ್ತುವುದು. ಅವ್ವ ಮೇಳದಲ್ಲಿ ಕೂರಲಿ, ಹಿರಿಯಳು, ಶೋಭೆ ಇರುತ್ತದೆ. ಶೋಭೆಯಂತೆ! ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಎಂದುಕೊಂಡಿದ್ದನೇನೋ.

“ಅವ್ವನ ಕಿವಿ ಮೊನ್ನೆ ಹ್ಯಾಂಗಿತ್ತೋ ಇವತ್ತೂ ಹಂಗೇ ಅದ. ಬದಲಾಗಿದ್ದು ಪಿಕಪ್ಪು” ಎಂದೆ.

“ಇಷ್ಟ್ ದಿನ ನಾ ಬಾಜೂಕ ಕುಂತು ಸಣ್ಣಗ ಗುನುಗತಿದ್ದೆ, ಆ ದನಿ ಹಿಡ್ಕೊಂಡು ಹ್ಯಾಂಗೋ ದಾಟ್ಸತಿದ್ಳು. ಈಗ ಅದೂ ಹೋತು. ಸುಳ್ಳ ಯಾಕ ಗಿಟಾರಿನ ಮ್ಯಾಲ ಹಾಕ್ತಿ? ಕುಣೀಲಾಕ ಬರಲಾರದಾಕಿ ನೆಲ ಡೊಂಕ ಅಂದ್ಳಂತ.”

“ನೆಲ ಖರೇನೇ ಡೊಂಕ್ ಇದ್ರ ಏನ್ ಅನ್ಬೇಕು?”

“ಪೆಟಗಿ ಮ್ಯಾಲಿನ ಬೇಸಿನ ಬಟನ್ ತಿರುವು. ಅದು ಇರೋದ್ ಯಾಕ?”

ಅದನ್ನೂ ಮಾಡಿ ನೋಡಿದ್ದೆ. ಪೂರ್ತಿ ತಿರುವಿದರೆ ಪೆಟ್ಟಿಗೆ ಗುಡುಗುಟ್ಟಿತು, ಕಿಟಕಿಯ ಗಾಜು ನಡುಗಿತು, ಸ್ವರ ಮಾತ್ರ ಬರಲಿಲ್ಲ. ಪಿಕಪ್ಪು ಹಿಡಿಯದೇ ಬಿಟ್ಟದ್ದನ್ನು ಬಟನ್ನು ಎಲ್ಲಿಂದ ತರಬೇಕು? ಬೇಳೆಯೇ ಹಾಕದ ಸಾರನ್ನು ಎಷ್ಟು ಕುದಿಸಿದರೇನು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಮುಂದೆ ಸಾರಿನ ಮಾತು ಆಡಿ ಉಪಯೋಗವಿಲ್ಲ.

ಆಮೇಲಿನ ಸೋಮವಾರಗಳಲ್ಲಿ ಅಣ್ಣನೇ ಎತ್ತಿದ. ಚೆನ್ನಾಗಿಯೇ ಎತ್ತಿದ, ಸುಳ್ಳೇಕೆ ಹೇಳಲಿ. ಅವ್ವ ಬದಿಗೆ ಕೂತು ನೋಡುತ್ತಿದ್ದಳು. ಮನೆಯಲ್ಲೂ ಗುನುಗುವುದನ್ನು ಬಿಟ್ಟಳು. ಬೆಳಿಗ್ಗೆ ಇಷ್ಟಲಿಂಗ ಪೂಜೆಯಾದ ಮೇಲೆ ಒಂದು ವಚನ ಹಾಡಿಯೇ ಚಹಾ ಕುಡಿಯುತ್ತಿದ್ದವಳು ಈಗ ಸುಮ್ಮನೆ ಎದ್ದು ಬಂದು ಚಹಾ ಕುಡಿಯುತ್ತಿದ್ದಳು. “ಯಾಕವ್ವ?” ಎಂದು ಕಿವಿಯಲ್ಲಿ ಕೂಗಿದರೆ, “ಕಿವಿ ಸತ್ತ ಮ್ಯಾಲ ಬಾಯಿ ಯಾಕ ತೆಗೀಬೇಕು” ಎಂದಳು. ಆ ದಿನ ನಾನು ನಿರ್ಧಾರ ಮಾಡಿದೆ. ಗಿಟಾರು ಬೆನ್ನಿಗೆ ಹಾಕಿಕೊಂಡು, ಅವ್ವನ ಕೈ ಹಿಡಿದು ಹುಮನಾಬಾದಿನ ಬಸ್ಸು ಹತ್ತಿದೆ. “ಉಸ್ತಾದರ ಮುಂದ ನನ್ನ ಮರ್ಯಾದಿ ಕಳೀಬ್ಯಾಡ” ಎನ್ನುತ್ತ ಅಣ್ಣನೂ ಹಿಂದೆಯೇ ಹತ್ತಿದ. ಅವ್ವ ಕಿಟಕಿಯ ಪಕ್ಕ ಕೂತು ತೊಗರಿಯ ಹೊಲ ನೋಡುತ್ತಿದ್ದಳು.

ಉಸ್ತಾದರ ಅಂಗಡಿ ಬಸ್ಟ್ಯಾಂಡಿನಿಂದ ದೂರವಿಲ್ಲ, ಓಣಿಯೊಳಗೆ. ಒಳಗೆ ಕಾಲಿಟ್ಟ ಕೂಡಲೇ ನನಗೆ ಅರ್ಧ ಕತೆ ತಿಳಿದುಹೋಯಿತು. ಗೋಡೆಯ ತುಂಬ ಬೆಂಜೊಗಳು. ಮದುವೆಯ ಮೆರವಣಿಗೆಯಲ್ಲಿ ಗಾಡಿಯ ಮೇಲೆ ಕೂತು ನುಡಿಸುತ್ತಾರಲ್ಲ, ಟೈಪ್‌ರೈಟರಿನ ಹಾಗೆ ಒಂದು ಕೈಯಿಂದ ಗುಂಡಿ ಒತ್ತುತ್ತ ಇನ್ನೊಂದು ಕೈಯಿಂದ ತಂತಿ ಮೀಟುವ ವಾದ್ಯ, ಅದು. ಬೀದರಿನಿಂದ ಗಡಿಯಾಚೆಯ ಮಹಾರಾಷ್ಟ್ರದವರೆಗೂ ಅದಿಲ್ಲದೆ ಮದುಮಗ ಕುದುರೆಯಿಂದ ಇಳಿಯುವುದಿಲ್ಲ. ಬೆಂಜೊದಲ್ಲಿ ಗುಂಡಿಗಳೇ ತಂತಿಯ ಮುಕ್ಕಾಲು ಭಾಗವನ್ನು ಮುಚ್ಚಿರುತ್ತವೆ. ಪಿಕಪ್ಪಿಗೆ ಉಳಿಯುವುದು ಬುಡದ ಒಂದಿಷ್ಟು ಜಾಗ. ಜೀವಮಾನವೆಲ್ಲ ಅಲ್ಲೇ ಕೂರಿಸಿದ ಕೈ ನನ್ನ ಬೇಸಿಗೂ ಅಲ್ಲೇ ಕೂರಿಸಿತ್ತು.

“ಪಿಕಪ್ ಘೋಡಿ ಬಾಜೂಕೇ ಇರ್ಬೇಕ್ರಿ ಅಕ್ಕೋರ” ಎಂದರು ಉಸ್ತಾದರು. ಕುದುರೆಗೆ ಅವರು ಘೋಡಿ ಎನ್ನುತ್ತಾರೆ. “ನಿಮ್ ಹಳೀ ಜಾಗಾ ಕಂಪನಿಯವ್ರದೇ ಗಲತಿ. ನಾ ದುರಸ್ತ ಮಾಡೀನಿ.”

ಗಿಟಾರು ಮಾಡಿದವರಿಗೇ ಗಿಟಾರು ಗೊತ್ತಿರಲಿಲ್ಲವಂತೆ. ಈ ಆತ್ಮವಿಶ್ವಾಸಕ್ಕೆ ಏನು ಹೇಳುವುದು? “ವೈರ್ ಬೆಸೀರಿ ಅಂದ್ರ ಇಷ್ಟೆಲ್ಲ ಯಾಕ ಮಾಡಿದ್ರಿ?” ಎಂದೆ.

“ಭಯ್ಯಾನೇ ಹೇಳಿದ್ರಲ್ರಿ. ಮೊಬೈಲ್‌ದಾಗ ವಿಡಿಯೋ ಹಾಕಾಕತ್ತೀವಿ, ಬೇಸ್ ಕೇಳಸ್ವಲ್ದು, ಚೂಪ್ ಮಾಡಿಕೊಡ್ರಿ ಅಂತ.”

ನಾನು ಅಣ್ಣನ ಕಡೆ ತಿರುಗಿದೆ. ಅವನು ಗೋಡೆಯ ಬೆಂಜೊ ಎಣಿಸುವವನ ಹಾಗೆ ಮೇಲೆ ನೋಡುತ್ತಿದ್ದ. ಹೌದು, ಮೊಬೈಲಿನ ಹೊಟ್ಟೆಯಲ್ಲಿರುವ ಗುಲಗಂಜಿಯಂಥ ಸ್ಪೀಕರಿಗೆ ದಪ್ಪ ದನಿ ಹೊರಡಿಸಲು ಬರುವುದಿಲ್ಲ, ಚೂಪು ದನಿಯಾದರೆ ಬರುತ್ತದೆ. ಅಷ್ಟಕ್ಕೆ! ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನ ಹೆಬ್ಬೆರಳಿನಿಂದ ಸರಿಸಿ ಬಿಡುವ ವಿಡಿಯೋದಲ್ಲಿ ಕೇಳಲೆಂದು, ಪಕ್ಕದಲ್ಲಿ ಕೂತ ಹೆತ್ತ ತಾಯಿಗೆ ಕೇಳದ ಹಾಗೆ ಮಾಡಿದ್ದ. ಮಾಡಿದ ಮೇಲೆ ಅವಳ ಕಿವಿಯೇ ಹೋಯಿತೆಂದು ಊರಿಗೆಲ್ಲ ಹೇಳಿದ್ದ. ಆಗ ಅವನಿಗೆ ಏನಾದರೂ ಅಂದಿದ್ದರೆ ಅದು ಈಗ ಬರೆಯಲು ಬರುವಂಥದ್ದಾಗಿರುತ್ತಿರಲಿಲ್ಲ.

“ಪಿಕಪ್ ಬಿಚ್ರಿ” ಎಂದೆ ಉಸ್ತಾದರಿಗೆ. “ವೈರ್ ತೆಗೀಬ್ಯಾಡ್ರಿ. ಉದ್ದಂದು ಜೋಡ್ಸಿ ನನ್ನ ಕೈಗೆ ಕೊಡ್ರಿ.”

ಅವರು ಗೊಣಗುತ್ತಲೇ ಸ್ಕ್ರೂ ಬಿಚ್ಚಿದರು, ಉದ್ದನೆಯ ವೈರು ಬೆಸೆದರು. ನಾನು ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಪಿಕಪ್ಪನ್ನು ಬೋರಲು ಮಾಡಿ ತಂತಿಗಳ ಮೇಲೆ ಎಡಗೈಯಲ್ಲಿ ಹಿಡಿದೆ. ತಂತಿಯ ಕೆಳಗಿದ್ದರೂ ಮೇಲಿದ್ದರೂ ಅದಕ್ಕೆ ಒಂದೇ, ಹತ್ತಿರವಿದ್ದರೆ ಸಾಕು. ಅಂಗಡಿಯ ಸ್ಪೀಕರಿನ ಪೆಟ್ಟಿಗೆಯನ್ನು ಅವ್ವ ಕೂತ ಸ್ಟೂಲಿನ ಪಕ್ಕಕ್ಕೆ ಎಳೆದೆ. ಅವಳ ಅಂಗೈಯನ್ನು ಹಿಡಿದು ಅದರ ಮೇಲೆ ಇಟ್ಟೆ. ಏನು ನಡೆಯುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕುದುರೆಯ ಪಕ್ಕ ಹಿಡಿದು ಷಡ್ಜ ಮಿಡಿದೆ. ಅದೇ ತಗಡಿನ ಡಬ್ಬಿ. ಅವ್ವ ಗೋಡೆಯ ಬೆಂಜೊ ನೋಡುತ್ತಿದ್ದಳು. ಒಂದು ಬೆರಳು ಸರಿಸಿ ಮಿಡಿದೆ, ಇನ್ನೊಂದು ಬೆರಳು ಸರಿಸಿ ಮಿಡಿದೆ. ತಂತಿಯನ್ನು ಮುಟ್ಟುವ ಬೆರಳು ಅದೇ, ಜೋರು ಅದೇ, ಪೆಟ್ಟಿಗೆಯ ಬಟನ್ನು ಯಾರೂ ಮುಟ್ಟಿಲ್ಲ. ಆದರೂ ದನಿ ಮೆಲ್ಲಮೆಲ್ಲನೆ ತುಂಬಿಕೊಳ್ಳುತ್ತ ಬಂತು. ಉಸ್ತಾದರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಲಂಬಾ ಮೆತ್ತಿದ ಜಾಗದ ಮೇಲಕ್ಕೆ ಪಿಕಪ್ಪು ಬಂದಾಗ ಅವ್ವ ಸರಕ್ಕನೆ ಈ ಕಡೆ ತಿರುಗಿದಳು. ಮತ್ತೆ ಮಿಡಿದೆ. ಕಣ್ಣು ಮುಚ್ಚಿದಳು.

ಆಮೇಲೆ ಎತ್ತಿದಳು. ಹುಮನಾಬಾದಿನ ಓಣಿಯಲ್ಲಿ, ಹಗಲು ಹೊತ್ತಿನಲ್ಲಿ, ಮೈಕಿಲ್ಲದೆ. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದರಿಂದ ಗಂಟಲು ಮೊದಲು ಒಡೆಯಿತು. ಸ್ವರ ಒಡೆಯಲಿಲ್ಲ. ನನ್ನ ಷಡ್ಜದ ಮೇಲೆ ಕೂತಿತು. ಪೂರ್ತಿ ಸಾಲು ಹಾಡಿ ನಿಲ್ಲಿಸಿ, ಕಣ್ಣು ತೆರೆದು, “ಬಂತು” ಎಂದಳು.

ಉಸ್ತಾದರು ಪೆನ್ಸಿಲು ತಂದು ನನ್ನ ಕೈಯ ಕೆಳಗೆ ಗುರುತು ಹಾಕಿದರು. “ಇಲ್ಲೇ ಕೊರೀತೀನ್ರಿ. ಎರಡ್ ತಾಸ್ ಕುಂದರ್ರಿ” ಎಂದರು. ತಮ್ಮ ತಪ್ಪೆಂದು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಅದು ಬೇಕಿತ್ತು, ಸಿಗಲಿಲ್ಲ.

ಅಣ್ಣ ಕಣ್ಣೊರೆಸಿಕೊಂಡ. ಅವನಿಗೆ ಕಣ್ಣೀರು ಬೇಗ ಬರುತ್ತದೆ, ನಗು ಬಂದಷ್ಟೇ ಬೇಗ. ಅವ್ವನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವಳ ಕಿವಿಗೆ ಬಾಯಿಟ್ಟು ಕೂಗಿದ: “ಅವ್ವಾ, ಮೊದಲ್ನೇ ಸೊಲ್ಲು ಇನ್ನ ನಿಂದೇ. ನಾ ನಿನ್ನ ಬಾಜೂಕೇ ಕುಂತು ಸಣ್ಣಗ ಹಾಡ್ತೀನಿ. ಮದಲಿನಂಗ ನನ್ನ ದನಿ ಹಿಡ್ಕೊಂಡು ಹಾಡು.”

ಅವ್ವ ಅವನ ತಲೆಯ ಮೇಲೆ ಕೈಯಿಟ್ಟಳು. “ಬ್ಯಾಡಪ್ಪ” ಎಂದಳು. “ನಿನ್ನ ಹಾಡು ಕೇಳ್ಸದೇ ಎರಡ್ ವರ್ಸ ಆತು. ನೀ ಬಾಯಿ ಆಡ್ಸೋದ್ ಅಷ್ಟೇ ಕಾಣ್ತದ. ನಾ ಇಕಿದು ಹಿಡ್ಕೊಂಡೇ ಹಾಡತಿದ್ದೆ. ಅದೊಂದೇ ಉಳ್ದಿತ್ತು, ಅದನ್ನೂ ಯಾಕ ತೆಗದ್ರಿ?”

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ತನ್ನ ಊರುಗೋಲನ್ನು ಯಾರು ಎತ್ತಿಟ್ಟರು ಎಂದು ಕೇಳಿದ ಹಾಗಿತ್ತು. ಅಣ್ಣ ಕೂತಲ್ಲೇ ಅವಳ ಮುಖ ನೋಡುತ್ತಿದ್ದ. ಬಾಯಿ ಅರ್ಧ ತೆರೆದಿತ್ತು. “ಏನಂದಿ?” ಎಂದ, ಪಿಸುಮಾತಿನಲ್ಲಿ. ಅವನ ತುಟಿ ಆಡಿದ್ದನ್ನು ಅವ್ವ ನೋಡಿದಳು. ತಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲವೆಂದುಕೊಂಡಳು. ಅದಕ್ಕೇ ಅದೇ ಮಾತನ್ನು ಮೊದಲಿನಿಂದ ಮತ್ತೊಮ್ಮೆ ಹೇಳಿದಳು, ಓಣಿಗೆಲ್ಲ ಕೇಳುವಷ್ಟು ಜೋರಾಗಿ.